ಫರಹತಳ ಇಸ್ತ್ರಿ ಹಾಕಿದ ಜಪಾನಿ

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಜಪಾನಿ ಮಾತಾಡುವವಳು ಫರಹತ ಒಬ್ಬಳೇ. ಆ ಭಾಷೆಯಲ್ಲಿ ಜಗಳಾಡಲಿಕ್ಕೂ ಜೊತೆ ಇಲ್ಲ, ಪಾಪ. ಮದುವೆಯಾಗಿ ಬಂದ ಹೊಸದರಲ್ಲಿ ಮೊಬೈಲಿನ ಪಾಠ ಹಚ್ಚಿಕೊಂಡು, ರೊಟ್ಟಿ ಬಡಿಯುತ್ತಲೇ ಬಾಯಿಪಾಠ ಮಾಡಿ ಕಲಿತವಳು, ಈಗ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ದುಭಾಷಿ. ದಿನದ ಮಾತು ನೀರು ಕುಡಿದಷ್ಟು ಸಲೀಸು. ಅವಳನ್ನು ಹೈರಾಣ ಮಾಡಿದ್ದು ಮೇಲಿನ ಮಟ್ಟದ ವ್ಯಾಕರಣ. ಭಾಷಣ, ಸಮಾರಂಭಗಳಲ್ಲಷ್ಟೇ ಹೊರಬರುವ ಗಂಭೀರ ಪ್ರಯೋಗಗಳು ಅವು. ಒಂದೊಂದೂ ಶೇರವಾನಿ ತೊಟ್ಟ ಮದುಮಗನ ಹಾಗೆ ಬಿಗಿ. ಅವುಗಳ ದೆಸೆಯಿಂದಲೇ ಜಪಾನಿ ಭಾಷೆಯ ದೊಡ್ಡ ಪರೀಕ್ಷೆ ಎರಡು ಸಲ ಕೈಕೊಟ್ಟಿತ್ತು.

ಮಾವ ಗುಲಾಬಸಾಬರು ಮೈಕ್ ಸೆಟ್ ಬಾಡಿಗೆಗೆ ಕೊಡುವವರು. "ಹೆದರಬ್ಯಾಡ ಬೇಟಿ. ಮೈಕಿನ ಮುಂದ ನಿಂತಾಗ ಮಾತಿಗೆ ಇಸ್ತ್ರಿ ಹಾಕಬೇಕಾಗತೈತಿ. ಎಲ್ಲಾ ಭಾಷಾದಾಗೂ ಅಷ್ಟ," ಎಂದರು.

ಆಮೇಲೆ ಫರಹತ ಒಂದು ಉಪಾಯ ಹೂಡಿದಳು. ಪ್ರತಿ ಪ್ರಯೋಗವನ್ನೂ ಗುರುತಿನವರೊಬ್ಬರ ಕೊರಳಿಗೆ ಕಟ್ಟಿಬಿಟ್ಟಳು. 'ಕಿಂಜಿಎನಾಯ್' ಅಂದರೆ ತಡೆಯಲಾರೆ. ಅದು, ಯಾರ ಮಗಳು ಗಂಡನ ಮನೆಗೆ ಹೊರಟರೂ ಮೈಕಿನ ಪೆಟ್ಟಿಗೆಯ ಹಿಂದೆ ಕೂತು ಅಳುವ ಮಾವನಿಗೆ. ಅತಿರೇಕದ ಪರಮಾವಧಿಯನ್ನು ಹೇಳುವ 'ಕಿವಾಮರಿನಾಯ್', ಹಸಿ ಟವೆಲನ್ನು ಹಾಸಿಗೆಯ ಮೇಲೆ ಒಗೆಯುವ ಗಂಡ ಮುಜಾಫರನಿಗೆ. 'ಜು ನಿ ವಾ ಒಕನಾಯ್' ಅಂದರೆ ಮಾಡದೇ ಬಿಡುವುದಿಲ್ಲ. ಅದಕ್ಕೆ ಕಾರ್ಖಾನೆಯ ಕ್ಯಾಂಟೀನಿನ ಮಾಳವ್ವನಿಗಿಂತ ತಕ್ಕವರು ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ಸಿಗುವುದಿಲ್ಲ. ತಾಟಿಗೆ ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ಬಡಿಸುವ ಪೈಕಿ ಅವಳು.

ಹುಡುಗರಿಗೆ ಯಂತ್ರದ ಕೆಲಸ ಕಲಿಸಲು ಜಪಾನಿನಿಂದ ಬಂದಿದ್ದ ಹಿರಿಯ ಇಶಿದಾ ಊರಿಗೆ ಹೊರಡುವ ದಿನ ಬಂತು. ಯಾರ ಮೇಲೂ ದನಿ ಏರಿಸದ ಮನುಷ್ಯ. ಫರಹತ ತಡವರಿಸಿದಾಗಲೂ ಅವಳ ಮಾತು ಮುಗಿಯುವ ತನಕ ಕಾಯುತ್ತಿದ್ದವರು. ಬೀಳ್ಕೊಡುವ ಭಾಷಣ ಅವಳ ಪಾಲಿಗೇ ಬಂತು.

"ಸಾದಾ ಮಾತಿನ್ಯಾಗ ಮುಗಿಸಿಬಿಡ್ರಿ ಮೇಡಂ. ನಡಬರಕ ಎಡವಿದ್ರ ಎಲ್ಲಾರೂ ನಗತಾರ," ಎಂದರು ಮ್ಯಾನೇಜರ್ ಕುಮಾರಸ್ವಾಮಿ.

ಅವಳಿಗೆ ರೇಗಿತು. ಅಂಥ ಮನುಷ್ಯನನ್ನು ಮನೆಬಟ್ಟೆಯ ಮಾತಿನಲ್ಲಿ ಕಳಿಸುವುದೇ?

"ಇಲ್ರಿ ಸರ್. ನಕ್ಕರ ನಗಲಿ, ಇಸ್ತ್ರಿ ಹಾಕೇ ಮಾತಾಡತೇನಿ."

ಸಮಾರಂಭದ ಮೈಕ್ ಗುಲಾಬಸಾಬರದ್ದೇ. ಫರಹತ ಸುರುವಿಗೆ ಚೆನ್ನಾಗಿಯೇ ಹೊರಟಳು. ಆದರೆ ಎಲ್ಲಕ್ಕಿಂತ ದೊಡ್ಡ ವಾಕ್ಯಕ್ಕೆ ಬಂದಳೋ ಇಲ್ಲವೋ, ನಾಲಿಗೆ ಕೈಕೊಟ್ಟಿತು. 'ನಿಮ್ಮ ಪಾಠ ನಮ್ಮ ಮನಸ್ಸನ್ನು...' ಅಲ್ಲಿಂದ ಮುಂದೆ ಏನೂ ಇಲ್ಲ. ಮೈಕ್ ಗುಂಯ್ ಎಂದಿತು. ಕುಮಾರಸ್ವಾಮಿ ನೆಲ ನೋಡತೊಡಗಿದರು.

ಅಷ್ಟರಲ್ಲಿ ಬಾಗಿಲಲ್ಲಿ ಹೋಳಿಗೆಯ ತಾಟು ಹಿಡಿದು ನಿಂತ ಮಾಳವ್ವ ಕಣ್ಣಿಗೆ ಬಿದ್ದಳು. ಇವರ ಮಾತು ಯಾವಾಗ ಮುಗಿದೀತು, ತಾನು ಯಾವಾಗ ಬಡಿಸೇನು ಎಂದು ಹುಬ್ಬು ಗಂಟಿಕ್ಕಿಕೊಂಡಿದ್ದಳು. ಫರಹತಳಿಗೆ ನಗು ಉಕ್ಕಿತು, ನಗುವಿನ ಜೊತೆಗೇ ಮಾತೂ ಬಂತು.

"ಕೊಕೊರೊ ಓ ಉಗೊಕಸಜು ನಿ ವಾ ಒಕನಾಯ್!" ನಮ್ಮ ಮನಸ್ಸನ್ನು ಕಲಕದೇ ಬಿಡುವುದಿಲ್ಲ.

ಇಶಿದಾ ಎದ್ದು ನಿಂತರು. ಸೊಂಟ ಬಾಗಿಸಿ ನಮಸ್ಕರಿಸಿದವರು ಎಷ್ಟೋ ಹೊತ್ತು ತಲೆ ಎತ್ತಲಿಲ್ಲ. ಚಪ್ಪಾಳೆ ಬಿತ್ತು. ಒಂದಕ್ಷರ ತಿಳಿಯದ ಗುಲಾಬಸಾಬರು ಪೆಟ್ಟಿಗೆಯ ಹಿಂದೆ ಕಣ್ಣೊರೆಸಿಕೊಂಡರು.

ಊಟಕ್ಕೆ ಕೂತಾಗ ಇಶಿದಾ ಜಪಾನಿಯಲ್ಲಿ ಕೇಳಿದರು: "ಅದು ಪುಸ್ತಕದ ಮಾತು. ನಿಮ್ಮ ಬಾಯಲ್ಲಿ ಮಾತ್ರ ಪುಸ್ತಕದಿಂದ ಬಂದಂತೆ ಕೇಳಿಸಲಿಲ್ಲ. ಎಲ್ಲಿ ಕಲಿತಿರಿ?"

ಫರಹತಳ ಮುಖ ಅರಳಿತು. ಇಷ್ಟು ವರ್ಷದ ಪಾಡೆಲ್ಲ ಆ ಒಂದು ಪ್ರಶ್ನೆಯಿಂದ ಸಾರ್ಥಕವಾಯಿತು ಅನಿಸಿತು. ಅವರ ಬೆನ್ನ ಹಿಂದೆ ಬೊಟ್ಟು ಮಾಡಿದಳು. ಇಶಿದಾ ತಿರುಗಿ ನೋಡಿದರು. ಮಾಳವ್ವ ಇನ್ನೊಂದು ಹೋಳಿಗೆ ಎತ್ತಿ ಹಿಡಿದು ನಿಂತಿದ್ದಳು. ಅವರ ಕೈ ತಾನಾಗಿಯೇ ತಾಟಿಗೆ ಅಡ್ಡ ಹೋಯಿತು.

"ಹೊರಟವ್ರು ಅರೆಹೊಟ್ಟೀಲೆ ಹೋಗಬಾರದ್ರಿ ಯಜಮಾನ್ರ. ಕೈ ತಗೀರಿ."

ಇಶಿದಾ ತಾಟಿನ ಮೇಲೆ ಅಡ್ಡ ಹಿಡಿದಿದ್ದ ತಮ್ಮ ಕೈಯನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಕೈ ತೆಗೆದರು.