ಪಳನಿ ಮಾಮ ಬರಲಿಲ್ಲ

ಸ್ನೇಹಿತರೇ, ಇವತ್ತು ತುಡಿಯಲೂರಿನ ಹೋಟೆಲಿನಲ್ಲಿ ಎಲ್ಲರೂ ನಮ್ಮ ಮೇಜನ್ನೇ ನೋಡುತ್ತಿದ್ದರು. ಅಪ್ಪ ಮತ್ತು ಕಾಂಗೇಯಂನಿಂದ ಬಂದ ರಂಗಸಾಮಿ ಮಾಮ ಸೇನೆಯಲ್ಲಿ ಒಂದೇ ಫಿರಂಗಿಯಲ್ಲಿ ಕೆಲಸ ಮಾಡಿದವರು. ಅದರ ಸದ್ದಿಗೆ ಇಬ್ಬರ ಕಿವಿಯೂ ಮಂದವಾಗಿದೆ, ಹಾಗಾಗಿ ಮಾತೆಲ್ಲ ಕೂಗಾಟ.

“ಪಳನಿ ಯಾಕ್ ಡಾ ಬರ್ಲಿಲ್ಲ?” ಅಪ್ಪ ಕೇಳಿದರು. ಅದೇ ಫಿರಂಗಿಯಿಂದ ಗುರಿ ಇಡುತ್ತಿದ್ದವರು ಪಳನಿ ಮಾಮ.

“ಹೋದ ತಿಂಗ್ಳು ಸತ್ತೋದ ಡಾ.”

“ಆಂ?”

ಮಾಮ ಮತ್ತೆ ಹೇಳಿದರು. ಅಪ್ಪ ಮತ್ತೆ “ಆಂ?” ಅಂದರು. ಕೊನೆಗೆ ನಾನೇ ಅಪ್ಪನ ಕಿವಿಯ ಹತ್ತಿರ ಬಾಗಿ ಕೂಗಿದೆ. “ಪಳನಿ ಮಾಮ ಸತ್ತೋದ್ರಪ್ಪಾ.”

“ಕೂಗ್ಬೇಡ ಕಂದಾ,” ಅಪ್ಪ ತೀರ ಮೆಲ್ಲಗೆ ಅಂದರು. “ಮೊದಲ್ನೇ ಸಲವೇ ಕೇಳ್ತು.”

ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಾನು ಸುಮ್ಮನಿದ್ದಿದ್ದರೆ ಪಳನಿ ಮಾಮ ಇನ್ನೂ ಒಂದೆರಡು ‘ಆಂ’ಗಳಷ್ಟು ಹೊತ್ತು ಬದುಕಿರುತ್ತಿದ್ದರೇನೋ.