ಕೊನೆಯ ಚೌಕದ ಮುದುಕಿ

೧೯೩೪ರಲ್ಲಿ ನಾನು ಸೊಲ್ಲಾಪುರದ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಶಾಲೆಯ ಹೆಸರು ಬೇಡ. ಹುದ್ದೆಗೆ ಬಂದು ಮೂರನೆಯ ವರ್ಷ. ಆಗ ದಿನಾಲೂ ಡೈರಿ ಬರೆಯುತ್ತಿದ್ದೆ. ಇದನ್ನು ಬರೆಯುವ ಮೊದಲು ಆ ವರ್ಷದ ಡೈರಿಯನ್ನು ತೆಗೆದು ಓದಿದೆ. ನನ್ನ ನೆನಪು ಮತ್ತು ಡೈರಿ ಎರಡು ಕಡೆ ಒಂದಕ್ಕೊಂದು ಹೊಂದಲಿಲ್ಲ. ಆ ಜಾಗಗಳು ಬಂದಾಗ ಹೇಳುತ್ತೇನೆ.

ನಮ್ಮಲ್ಲಿ ಪಾಠವೆಲ್ಲ ಮರಾಠಿಯಲ್ಲಿ. ಆದರೆ ಅಕ್ಕಲಕೋಟದ ಕಡೆಯ ಹಳ್ಳಿಗಳಿಂದ ಬಂದು, ನೆಂಟರ ಮನೆಗಳಲ್ಲಿದ್ದು ಓದುವ ಹತ್ತು ಹನ್ನೆರಡು ಹುಡುಗಿಯರಿದ್ದರು. ಅವರ ಮನೆಮಾತು ಕನ್ನಡ. ನನ್ನದೂ ಅದೇ, ನಾನು ಅದೇ ಕಡೆಯ ಚಪಳಗಾಂವದವಳು. ಚಿಕ್ಕಂದಿನಲ್ಲೇ ವಿಧವೆಯಾದ ನನ್ನನ್ನು ಸೋದರಮಾವ ಓದಲು ಪುಣೆಗೆ ಕಳಿಸಿದ. ಅಲ್ಲಿಯ ವಸತಿಗೃಹದಲ್ಲಿ ನಾನು ಬಾಯಿ ತೆರೆದರೆ ಸಾಕು, ಹುಡುಗಿಯರು ನಗುತ್ತಿದ್ದರು. ಬಿ.ಎ. ಮುಗಿಯುವ ಹೊತ್ತಿಗೆ ನನ್ನ ಮರಾಠಿಯಲ್ಲಿ ಊರಿನ ಸುಳಿವೇ ಇರಲಿಲ್ಲ. ನನಗೆ ಕನ್ನಡ ಬರುತ್ತದೆಂದು ಸೊಲ್ಲಾಪುರದಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ನಗು ನನ್ನ ಹುಡುಗಿಯರ ಪಾಲಿಗೆ ಬರಬಾರದೆಂದು ಶಾಲೆಯಲ್ಲಿ ಒಂದು ಪದ್ಧತಿ ತಂದೆ. ದಾರಕ್ಕೆ ಕಟ್ಟಿದ ಒಂದು ತಗಡಿನ ಬಿಲ್ಲೆ. ಕನ್ನಡ ಆಡಿದವಳ ಕೊರಳಿಗೆ ಅದು ಬೀಳುತ್ತಿತ್ತು. ಇನ್ನೊಬ್ಬಳು ಕನ್ನಡ ಆಡಿದ್ದನ್ನು ಆಕೆ ಹಿಡಿದರೆ ಬಿಲ್ಲೆಯನ್ನು ಅವಳಿಗೆ ದಾಟಿಸಬಹುದು. ಸಂಜೆಯ ಗಂಟೆಗೆ ಅದು ಯಾರ ಕೊರಳಲ್ಲಿದೆಯೋ ಅವಳು ವರ್ಗ ಗುಡಿಸಬೇಕು. ಹೊಡೆತವಿಲ್ಲ, ಬೈಗುಳವಿಲ್ಲ. ಇಷ್ಟು ಸೌಮ್ಯವಾದ ಶಿಸ್ತು ಬೇರೆಲ್ಲೂ ಇಲ್ಲವೆಂದು ನನಗೆ ಹೆಮ್ಮೆಯಿತ್ತು. ಹಳ್ಳಿಯ ತಂದೆತಾಯಿ ಬಂದರೆ ನಾನು ಮರಾಠಿಯಲ್ಲಿ ಹೇಳುತ್ತಿದ್ದೆ, ಅವರ ಮಗಳೇ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ತಿಳಿಸುತ್ತಿದ್ದಳು. ಆ ಹೊತ್ತಿಗೆ ಮಾತ್ರ ಬಿಲ್ಲೆಯ ನಿಯಮದಿಂದ ವಿನಾಯಿತಿ.

ಆ ವರ್ಷ ರೇಲ್ವೆಯ ಇಂಗ್ಲಿಷ್ ಅಧಿಕಾರಿಯೊಬ್ಬರ ಹೆಂಡತಿ ವಿಲಾಯತಿಗೆ ಮರಳುವಾಗ, ಮಗಳು ಓದಿ ಬಿಟ್ಟ ವಾರಪತ್ರಿಕೆಗಳ ಎರಡು ಕಟ್ಟು ನಮಗೆ ಕೊಟ್ಟುಹೋದರು. ಅಲ್ಲಿಯ ಶಾಲೆಗಳ ಚಿತ್ರಕಥೆಗಳು. ಹುಡುಗಿಯರ ಇಂಗ್ಲಿಷ್ ಸುಧಾರಿಸೀತೆಂದು, ಒಂದನ್ನೂ ಓದದೆ ಕಪಾಟಿನಲ್ಲಿ ಇಡಿಸಿದೆ. ಓದಿದ್ದರೆ ತಿಳಿಯುತ್ತಿತ್ತು: ಹೆಚ್ಚಿನ ಕಥೆಗಳಲ್ಲಿ ದುಷ್ಟರೆಂದರೆ ಶಿಕ್ಷಕಿಯರೇ. ಮುಖ್ಯೋಪಾಧ್ಯಾಯಿನಿಗೆ ಗಿಣಿಮೂಗು, ಕಪ್ಪು ನಿಲುವಂಗಿ, ತಲೆಯ ಮೇಲೆ ಚೌಕ ಟೊಪ್ಪಿಗೆ, ಕೈಯಲ್ಲಿ ಬೆತ್ತ. ಹುಡುಗಿಯರನ್ನು ಅಟ್ಟದಲ್ಲಿ ಕೂಡಿಹಾಕಿ ಒಣ ರೊಟ್ಟಿ, ನೀರು ಕೊಡುತ್ತಾಳೆ. ಕೊನೆಯ ಚಿತ್ರದಲ್ಲಿ ಅವಳ ಕಳ್ಳತನ ಬಯಲಾಗುತ್ತದೆ, ಹುಡುಗಿಯರು ಟೊಪ್ಪಿಗೆ ಹಾರಿಸುತ್ತಾರೆ.

ಶಿಕ್ಷಕಿಯರನ್ನೆಲ್ಲ ಬಾಯಿ ಎಂದೇ ಕರೆಯುವ ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುವ ಕಮಲಾಬಾಯಿ ಫೆಬ್ರುವರಿಯ ಒಂದು ಬೆಳಿಗ್ಗೆ ಬರೆಯುವ ಒಂದು ವಹಿ ತಂದು ನನ್ನ ಮೇಜಿನ ಮೇಲಿಟ್ಟರು. ಏಳನೆಯ ಇಯತ್ತೆಯ, ಅಂದರೆ ಏಳನೆಯ ತರಗತಿಯ, ನಿಂಗವ್ವನದು. ಹನ್ನೂರು ಎಂಬ ಹಳ್ಳಿಯ ಕುರಿ ಸಾಕುವವರ ಮಗಳು, ವರ್ಗಕ್ಕೆ ಮೊದಲಿಗಳು. ಕಮಲಾಬಾಯಿ ನಗು ತಡೆಯುತ್ತಿದ್ದರೋ ಸಿಟ್ಟು ತಡೆಯುತ್ತಿದ್ದರೋ, ಆಗ ತಿಳಿಯಲಿಲ್ಲ.

ವಹಿಯಲ್ಲಿ ಆರು ಚೌಕಗಳ ಚಿತ್ರಕಥೆ. ಒಂಬತ್ತು ಗಜದ ಸೀರೆಯ ಮೇಲೆ ಚೌಕ ಟೊಪ್ಪಿಗೆ ಹಾಕಿಕೊಂಡು, ಬೆತ್ತದ ಬದಲು ನನ್ನ ಛತ್ರಿ ಹಿಡಿದು ನಾನೇ ನಿಂತಿದ್ದೆ. ಅಟ್ಟವೂ ಇತ್ತು. ಒಣ ರೊಟ್ಟಿಯ ಚೌಕದಲ್ಲಿ ಬಂಧಿಯಾದ ಹುಡುಗಿ, "ಬಾಯಿ, ನಮ್ಮ ಮನೆಯಲ್ಲಿ ದಿನಾ ಇದೇ ಊಟ, ಶಿಕ್ಷೆ ಯಾವಾಗ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದಳು. ಇಲ್ಲಿಯವರೆಗೆ ನಾನೂ ನಕ್ಕೆನೆಂದು ನೆನಪು. ಕೊನೆಯ ಚೌಕದಲ್ಲಿ ಶಾಲೆಯ ಗೇಟು. ಗೇಟಿನ ಹೊರಗೆ ಗಂಟು ಹಿಡಿದ ಒಬ್ಬ ಮುದುಕಿ. ನಾನು ಆಕೆಯ ಕೊರಳಿಗೆ ಬಿಲ್ಲೆ ಹಾಕುತ್ತಿದ್ದೆ.

ಕಪಾಟಿನ ಪತ್ರಿಕೆಗಳನ್ನೆಲ್ಲ ತೆಗೆದು ಮಧ್ಯಾಹ್ನ ಪೂರ್ತಿ ಹುಡುಕಿದೆ. ಅಟ್ಟ ಸಿಕ್ಕಿತು, ಟೊಪ್ಪಿಗೆ ಸಿಕ್ಕಿತು. ಬಿಲ್ಲೆ ಯಾವ ಕಥೆಯಲ್ಲೂ ಇರಲಿಲ್ಲ. ಮುದುಕಿಯೂ ಇರಲಿಲ್ಲ.

ಅದಕ್ಕೆ ಕೆಲವು ವಾರಗಳ ಹಿಂದೆ ನನ್ನ ತಾಯಿ ಚಪಳಗಾಂವದಿಂದ ಹೇಳದೆ ಕೇಳದೆ ಶಾಲೆಗೆ ಬಂದಿದ್ದಳು. ವರ್ಗಗಳು ನಡೆದಿವೆ, ಸಂಜೆ ಮನೆಗೆ ಬಾ ಎಂದು ಮೆತ್ತಗೆ ಹೇಳಿ ಕಳಿಸಿದೆ. ನನ್ನ ನೆನಪು ಇಷ್ಟು. ಡೈರಿಯಲ್ಲಿ ಒಂದೇ ಸಾಲು: "ಆಯಿ ಗೇಟಿಗೆ ಬಂದಳು. ಮರಾಠಿಯಲ್ಲೇ ಮಾತಾಡಿದೆ. ಅರ್ಥವಾಯಿತೋ ಇಲ್ಲವೋ, ಹೋದಳು." ಡೈರಿ ಸುಳ್ಳು ಹೇಳಲು ಕಾರಣವಿಲ್ಲ.

ಆ ವಾರವೇ ವರ್ನಾಕ್ಯುಲರ್ ಫೈನಲ್ ಪರೀಕ್ಷೆಯ ಫಾರ್ಮುಗಳು ಹೋಗಬೇಕಿತ್ತು. ಅದು ಏಳನೆಯ ಇಯತ್ತೆಯ ಕೊನೆಗೆ ಸರಕಾರ ನಡೆಸುವ ಪರೀಕ್ಷೆ. ಪಾಸಾದ ಹುಡುಗಿಗೆ ಶಿಕ್ಷಕಿಯ ಕೆಲಸದ ಬಾಗಿಲು ತೆರೆಯುತ್ತಿತ್ತು. ನಮ್ಮ ಶಾಲೆಯಿಂದ ಹೋಗುವ ಫಾರ್ಮಿನಲ್ಲಿ "ನಡತೆ" ಎಂಬ ಒಂದು ಕಲಂ. ಅದನ್ನು ತುಂಬಿ ಸಹಿ ಹಾಕುವವಳು ನಾನು. ನಿಂಗವ್ವನ ಫಾರ್ಮಿಗೆ ಸಹಿ ಹಾಕುವುದಿಲ್ಲವೆಂದು ನಿಶ್ಚಯಿಸಿ ಅವಳ ತಂದೆಗೆ ಹೇಳಿಕಳಿಸಿದೆ.

ಫಾರ್ಮು ಟಪಾಲಿಗೆ ಹಾಕುವ ಕೊನೆಯ ದಿನ ಅವಳ ತಂದೆ ಬೀರಪ್ಪ ಬಂದ. ಕಂಬಳಿಯನ್ನು ಹೊಸ್ತಿಲ ಹೊರಗೆ ಮಡಚಿಟ್ಟು ಒಳಗೆ ಬಂದು ನಿಂತ. "ನನಗ ಮರಾಠಿ ಬರಂಗಿಲ್ರಿ ಬಾಯಾರ" ಎಂದ. ವಾಡಿಕೆಯಂತೆ ನಿಂಗವ್ವನನ್ನು ಕರೆಸಿದೆ. ತನ್ನ ಮೇಲಿನ ಆರೋಪವನ್ನು ತಂದೆಗೆ ಅವಳೇ ತಿಳಿಸಬೇಕಾಯಿತು. ಇದರಲ್ಲಿ ಏನಾದರೂ ವಿಚಿತ್ರವಿದೆಯೆಂದು ಆ ಕ್ಷಣ ನನಗೆ ಅನಿಸಲಿಲ್ಲ. ಒಳಗೊಳಗೆ ಬೇರೊಂದು ಅನುಮಾನವಿತ್ತು: ಹುಡುಗಿ ಮಾತನ್ನು ತಿರುಚಿ ತಂದೆಯನ್ನು ನಂಬಿಸುತ್ತಾಳೆ, ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದಾಳೆ, ನೋಡೋಣ.

ಅವಳು ಒಂದು ಮಾತನ್ನೂ ತಿರುಚಲಿಲ್ಲ. "ಅಪ್ಪಾ, ನಾ ಬಾಯಾರ ಚಿತ್ರ ಕೆಟ್ಟ ತಗದೀನಂತ. ನನ್ನ ನಡತಿ ಛಲೋ ಇಲ್ಲಂತ. ಫಾರ್ಮಿಗಿ ಸಹಿ ಹಾಕಂಗಿಲ್ಲಂತ."

"ಸಹಿ ಹಾಕಲಿಲ್ಲಂದ್ರ?"

"ಪರೀಕ್ಷಾ ಇಲ್ಲ. ಮನೀಗಿ ಬರಬೇಕು."

ಬೀರಪ್ಪ ನನ್ನ ಕಡೆ ತಿರುಗಿದ. "ಬಂದ್ರ ನಮಗೇನ್ ತ್ರಾಸಿಲ್ಲ. ಕುರಿ ಕಾಯಾಕ ಒಬ್ಬಾಕಿ ಆಗ್ತಾಳ. ಆದ್ರ ಅಕೀ ಜೀವ ಪುಸ್ತಕದಾಗ ಐತಿ. ಚಿತ್ರರ ತೋರಸ್ರಿ, ನೋಡೂನು."

ನಿಂಗವ್ವ ಅದನ್ನು ಮರಾಠಿಯಲ್ಲಿ ಹೇಳಿದ ಮೇಲೆ ನಾನು ವಹಿಯನ್ನು ಮುಂದೆ ಸರಿಸಿದೆ. ಅವನು ಬೆರಳಿಟ್ಟು ಒಂದೊಂದೇ ಚೌಕ ನೋಡುತ್ತ ಬಂದ. ಛತ್ರಿಯ ಹತ್ತಿರ ಮೀಸೆಯಡಿ ನಕ್ಕ, ತಕ್ಷಣ ನನ್ನ ಮುಖ ನೋಡಿ ನಗು ನುಂಗಿದ. ಕೊನೆಯ ಚೌಕಕ್ಕೆ ಬಂದು ನಿಂತ.

"ಈ ಮುದುಕಿ ಯಾರರಿ? ಕುರಿಗಿ ಗಂಟಿ ಕಟ್ಟಿದಂಗ ಕಟ್ಯಾರಲ್ಲ, ಪಾಪ."

ನಿಂಗವ್ವನಿಗೆ ಉತ್ತರ ಗೊತ್ತಿತ್ತು. ಅವಳು ಅದನ್ನು ಹೇಳಲಿಲ್ಲ. ನನ್ನ ಕಡೆ ತಿರುಗಿ, ನಾನೇ ಕಲಿಸಿದ ಶುದ್ಧ ಮರಾಠಿಯಲ್ಲಿ, ಈ ಮುದುಕಿ ಯಾರು ಎಂದು ತಂದೆ ಕೇಳುತ್ತಿದ್ದಾರೆ ಎಂದಳು. ದುಭಾಷಿಯ ಕೆಲಸ ಅಷ್ಟೇ ಎಂಬಂತೆ ಕೈಕಟ್ಟಿ ನಿಂತಳು.

ಯಾರೋ ಹುಚ್ಚಿ ಎನ್ನಬಹುದಿತ್ತು. ಕಲ್ಪನೆಯ ಚಿತ್ರ ಎನ್ನಬಹುದಿತ್ತು. ಆ ಎರಡೂ ಮಾತು ಮರಾಠಿಯಲ್ಲಿ ನಾಲಿಗೆಯ ತುದಿಗೆ ಬಂದಿದ್ದವು. ಹೊರಗೆ ಬಂದದ್ದು ಬೇರೆ.

"ನಮ್ಮವ್ವ."

ಕಮಲಾಬಾಯಿ ಬಾಗಿಲಲ್ಲಿದ್ದರು, ಸೂಜಿ ಹಿಡಿದ ಕೈ ಹಾಗೇ ನಿಂತಿತು. ಬೀರಪ್ಪನ ಮುಖವಂತೂ ಅರಳಿತು. "ಅಯ್ಯ, ನೀವು ನಮ್ಮ ಕಡ್ಯಾವ್ರೇನ್ರಿ! ಯಾವೂರು?"

"ಚಪಳಗಾಂವ."

"ಅಲಾ ಇವರ! ನಮ್ಮ ಕುರಿ ಮೇಯೂದಽ ಅಲ್ಲಿ. ಮತ್ತ ಇಷ್ಟೊತ್ತ ಈ ಕೂಸಿನ ಬಾಯಿಂದ ಯಾಕ ಹೇಳಿಸಿದ್ರಿ ತಾಯಿ? ಅಕೀ ತಪ್ಪು ಅಕೀ ಕಡಿಂದನಽ?"

ಫಾರ್ಮು ಎಳೆದುಕೊಂಡು ನಡತೆಯ ಕಲಂನಲ್ಲಿ "ಉತ್ತಮ" ಎಂದು ಬರೆದು ಸಹಿ ಮಾಡಿದೆ. ವಹಿ ಹಿಂದಿರುಗಿಸುವಾಗ ನಿಂಗವ್ವನನ್ನು ಕನ್ನಡದಲ್ಲೇ ಕೇಳಿದೆ, "ಇದನ್ನ ಎಲ್ಲಿಂದ ನೋಡಿ ತಗದಿ?"

"ಬಾಕಿ ಎಲ್ಲಾ ಪೇಪರದಾಗಿಂದರೀ. ಕಡೀದು ಗೇಟಿನ್ಯಾಗ ನಾ ನೋಡಿದ್ದು, ಅಜ್ಜಿ ನಿಮಗ ಮಗಳ ಅಂದದ್ದು ಕೇಳಿದ್ದು. ಬಿಲ್ಲಿ ಮಾತ್ರ ನಾ ಹಾಕೀನ್ರಿ."

ಅದೇ ದಿನ ಬಿಲ್ಲೆಯನ್ನು ಬಾವಿಗೆ ಎಸೆದೆನೆಂದು ಎಷ್ಟೋ ವರ್ಷ ನಂಬಿದ್ದೆ. ಒಂದೆರಡು ಸಭೆಗಳಲ್ಲಿ ಹೇಳಿದ್ದೂ ಉಂಟು. ಡೈರಿ ಹಾಗೆ ಹೇಳುವುದಿಲ್ಲ. ಜುಲೈನಲ್ಲಿಯೂ ಬಿಲ್ಲೆ ಯಾರ ಕೊರಳಲ್ಲಿತ್ತೆಂದು ಹೆಸರು ಸಮೇತ ಬರೆದಿದ್ದೇನೆ. ಆಗಸ್ಟಿನಿಂದ ಅದರ ಮಾತಿಲ್ಲ. ಒಪ್ಪಿಕೊಂಡ ತಪ್ಪನ್ನು ಬಿಡಲು ನನಗೆ ಐದು ತಿಂಗಳು ಬೇಕಾಯಿತು. ನಿಂಗವ್ವ ಅಷ್ಟರಲ್ಲಿ ಪಾಸಾಗಿ ಹೋಗಿದ್ದಳು. ಮುಂದೆ ಅಕ್ಕಲಕೋಟದ ಕಡೆ ಶಿಕ್ಷಕಿಯಾದಳೆಂದು ಕೇಳಿದೆ.

ಮುಂದಿನ ಇಪ್ಪತ್ತು ವರ್ಷ ಅದೇ ಕುರ್ಚಿಯಲ್ಲಿದ್ದೆ. ದೂರು ನನ್ನ ಮೇಲೆಯೇ ಬಂದಾಗ ವಿಚಾರಣೆಯನ್ನು ಬೇರೊಬ್ಬರಿಗೆ ಒಪ್ಪಿಸುವುದನ್ನು ಕಲಿತೆ. ನೂರಾರು ಹುಡುಗಿಯರ ನಡತೆಯ ಕಲಂ ತುಂಬಿದ್ದೇನೆ. ನನ್ನ ನಡತೆಯ ಬಗ್ಗೆ ಬರೆಯಲು ಅವರಿಗೆ ಯಾರೂ ಫಾರ್ಮು ಕೊಟ್ಟಿರಲಿಲ್ಲ. ಒಬ್ಬಳು ತಾನೇ ಚೌಕ ಎಳೆದುಕೊಂಡು ಬರೆದಳು.