ಪ್ಲಾಸ್ಟಿಕ್ ಬಿಚ್ಚದ ಬೋರ್ಡು

ಮಿನ್ಯಾ ಸೀಮೆಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಇನ್ಸಾಫ್ ಜೀವಶಾಸ್ತ್ರ ಕಲಿಸುತ್ತಿದ್ದಳು. ಕಟುಕನ ಅಂಗಡಿಯಿಂದ ಕುರಿಯ ಹೃದಯ ತಂದು ಮೇಜಿನ ಮೇಲೆ ಕೊಯ್ದು ತೋರಿಸುವಳು. ಸತ್ತ ಹೃದಯ ಬಡಿಯುವುದಿಲ್ಲವಲ್ಲ ಎಂಬುದೊಂದೇ ಅವಳ ಕೊರಗು.

ಸ್ಮಾರ್ಟ್ ಬೋರ್ಡ್ ತರಬೇತಿಗೆ ಯಾರಾದರೂ ಕೈರೋಗೆ ಹೋಗಬೇಕೆಂದು ಆದೇಶ ಬಂದಾಗ ನಾವೆಲ್ಲ ತಲೆ ತಗ್ಗಿಸಿದೆವು. ಮನೆಪಾಠದ ಆದಾಯ ಬಿಟ್ಟು ಯಾರು ಹೋಗುತ್ತಾರೆ? ಇನ್ಸಾಫ್ ಹೋದಳು. ಬಂದ ಮೇಲೆ ಒಂದೇ ಜಪ: ಬೆರಳು ತಾಗಿಸಿದರೆ ಸಾಕು, ಬೋರ್ಡಿನ ಮೇಲೆ ಹೃದಯ ಬಡಿಯುತ್ತದೆ, ರಕ್ತ ಹರಿಯುವುದು ಕಾಣುತ್ತದೆ. ಅದನ್ನು ತನ್ನ ಹುಡುಗಿಯರು ನೋಡಬೇಕು.

ಬೋರ್ಡೂ ಬಂತು, ಪ್ರಯೋಗಶಾಲೆಯ ಉಸ್ತುವಾರಿ ಬರ್ಸೂಮನ ಹೆಸರಿಗೆ. ಸರ್ಕಾರದ ವಸ್ತುವಿಗೆ ಸಹಿ ಹಾಕಿದವನೇ ಹೊಣೆ. ಕೆಟ್ಟರೆ ಅವನ ಸಂಬಳದಲ್ಲಿ ಹಿಡಿಯುತ್ತಾರೆ. ನಿವೃತ್ತಿಯ ದಿನ ಇದ್ದಂತೆಯೇ ಒಪ್ಪಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಬರ್ಸೂಮ್ ಅದನ್ನು ಪ್ಲಾಸ್ಟಿಕ್ ಸಮೇತ ಗೋಡೆಗೆ ಹಾಕಿಸಿ ಕೋಣೆಗೆ ಬೀಗ ಜಡಿದ.

“ಬರ್ಸೂಮ್ ಮಾಮಾ, ಒಂದ್ ತಾಸು ಬೀಗ ತಗೀರಿ,” ಎಂದಳು ಇನ್ಸಾಫ್.

“ನಾ ರಿಟೈರ್ ಆಗೂತನಾ ತಡಕೋ, ತಂಗಿ. ಆಮ್ಯಾಲೆ ಅದರ ಮ್ಯಾಲೆ ರೊಟ್ಟಿ ಸುಟಗೋ, ನಾ ಕೇಳಂಗಿಲ್ಲ.”

“ಅಷ್ಟ್ರಾಗ ನನ್ನ ಹುಡುಗ್ಯಾರು ತಾಯಂದ್ರಾಗಿರ್ತಾರ.”

“ಆಗ್ಲಿ ಬಿಡು. ಅವರ ಮಕ್ಕಳಿಗೆ ತೋರಸೀಯಂತ.”

ಆದರೆ ಉಳಿದ ಶಿಕ್ಷಕರಿಗೂ ಅವಳು ತರಬೇತಿ ಕೊಟ್ಟು ಮುಗಿಸಲೇಬೇಕೆಂದು ಮೇಲಿನಿಂದ ಒತ್ತಾಯ. ಇನ್ಸಾಫ್ ರಟ್ಟಿನ ಮೇಲೆ ಬೋರ್ಡು ಬರೆದು, ಬಟನ್ನುಗಳಿಗೆ ಬಣ್ಣ ಹಚ್ಚಿ ಗೋಡೆಗೆ ಅಂಟಿಸಿದಳು. ಫೂಲ್ ಎಂಬ ಬೇಯಿಸಿದ ಕಾಳಿನ ಪಲ್ಯ ತುಂಬಿದ ರೊಟ್ಟಿ ಅಗಿಯುತ್ತ ನಾವು ಸಾಲಾಗಿ ಬಂದು ರಟ್ಟು ಒತ್ತಿದೆವು. ಹಿಂದಿನಿಂದ ಗಣಿತದ ಶಹೀರಾ ಎದೆ ತಟ್ಟಿಕೊಂಡು “ಲಬ್ ಡಬ್, ಲಬ್ ಡಬ್” ಎಂದಳು.

“ನಗ್ರಿ, ನಗ್ರಿ. ಒತ್ತಿದ ಜಾಗಾ ಮಾತ್ರ ತಪ್ಪು,” ಎಂದು ಇನ್ಸಾಫ್ ನನ್ನ ಬೆರಳು ಹಿಡಿದು ಸರಿಸಿದಳು. ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು.

ಕಡೆಗೆ ಬರ್ಸೂಮನ ನಿವೃತ್ತಿ ಬಂತು. ಅವನ ಹೊಣೆಯನ್ನು ಇನ್ನೊಬ್ಬರು ಸಹಿ ಹಾಕಿ ವಹಿಸಿಕೊಳ್ಳಬೇಕು. ಯಾರೂ ಮುಂದೆ ಬರಲಿಲ್ಲ. ಆತ ಆಫೀಸಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ.

“ತರ್ರಿ ಇಲ್ಲೆ,” ಎಂದು ಇನ್ಸಾಫ್ ಪೆನ್ನು ತೆಗೆದಳು. “ನಾಳೆ ನನ್ನ ಹುಡುಗ್ಯಾರು ನೋಡ್ತಾರ.”

“ದೇವರು ನಿನ್ನ ಚಂದ ಇಟ್ಟಿರ್ಲಿ,” ಎಂದ ಬರ್ಸೂಮ್, ಬೀಗದ ಕೈ ಅವಳಿಗೆ ಕೊಟ್ಟು ಹಿಂದಿರುಗಿ ನೋಡದೆ ನಡೆದ.

ಮರುದಿನ ಸಹಾಯಕ್ಕೆಂದು ನನ್ನನ್ನೂ ಕರೆದಿದ್ದಳು. ಬೀಗ ತೆಗೆದದ್ದೇ ಹುಡುಗಿಯರು ನುಗ್ಗಿದರು. ಒಬ್ಬಳ ಕೈಯಲ್ಲಿ ನೀರಿನ ಬಾಟಲಿ, ಇನ್ನೊಬ್ಬಳ ಬೆರಳಲ್ಲಿ ಎಣ್ಣೆ. ಹಿಂದಿನವರು ಮುಂದಿನವರನ್ನು ತಳ್ಳುತ್ತಿದ್ದರು. ಪ್ಲಗ್ಗಿನ ಪೆಟ್ಟಿಗೆ ಗೋಡೆಯಿಂದ ಸಡಿಲಾಗಿ ಜೋತಾಡುತ್ತಿತ್ತು. ಇನ್ಸಾಫ್ ಪ್ಲಾಸ್ಟಿಕ್ಕಿನ ಮೂಲೆ ಹಿಡಿದವಳು ಹಾಗೇ ನಿಂತುಬಿಟ್ಟಳು. ಅವಳ ಗಂಡ ಹಾಸಿಗೆ ಹಿಡಿದು ಎರಡು ವರ್ಷ. ಮನೆಗೆ ದುಡಿದು ತರುವವಳು ಅವಳೊಬ್ಬಳೇ. ಬಿಚ್ಚಿದಷ್ಟು ಮೂಲೆಯನ್ನು ಮತ್ತೆ ಅಂಟಿಸಿ, ಅಂಗೈಯಿಂದ ಮೆಲ್ಲಗೆ ಸವರಿದಳು.

“ಇವತ್ತು ಕರೆಂಟ್ ಇಲ್ಲ. ಪುಸ್ತಕ ತಗೀರಿ.”

ಮುಂದಿನ ಬೆಂಚಿನ ಹುಡುಗಿ ಮೇಲೆ ನೋಡಿದಳು. “ಫ್ಯಾನ್ ತಿರಗಾಕತ್ತೈತಲ್ರಿ, ಅಕ್ಕೋರೆ.”

ಇನ್ಸಾಫ್ ಗೋಡೆಯ ಬಳಿ ಹೋಗಿ ಫ್ಯಾನ್ ಬಂದ್ ಮಾಡಿದಳು.